ಫ್ಯಾನಿನ ರೆಕ್ಕೆಗೆ ಅಂಟಿಸಿದ ಟೇಪಿನ ಚೂರು: ಕೊನೆಯ ವರ್ಷದ ಪ್ರಾಜೆಕ್ಟಿನ ನನ್ನ ಅನುಭವ

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾವು ಮೂವರು ಮೊದಲು ಬರೆದುಕೊಂಡು ಹೋದದ್ದು ಮುಖ ಗುರುತಿಸಿ ಹಾಜರಿ ಹಾಕುವ ವ್ಯವಸ್ಥೆ. ಗೈಡ್ ಮೇಡಂ ಹಾಳೆ ಓದಿ, ‘ಇದಿಲ್ಲದೆ ಯಾರಿಗೆ ಏನು ತೊಂದರೆ ಆಗಿದೆ? ಅವರ ಹತ್ತಿರ ಮಾತಾಡಿಕೊಂಡು ಬನ್ನಿ’ ಅಂದರು. ಹುಡುಕಿದೆವು, ಅಂಥವರು ಯಾರೂ ಸಿಗಲಿಲ್ಲ. ಅದೇ ವಾರ ಲ್ಯಾಬಿನ ಫ್ಯಾನೊಂದು ಎರಡು ದಿನ ಗರಗರ ಅಂದು ನಿಂತುಹೋಯಿತು. ಆ ಸದ್ದು ನಮ್ಮೆಲ್ಲರ ಕಿವಿಗೂ ಬಿದ್ದಿತ್ತು, ಯಾರೂ ತಲೆಗೆ ಹಾಕಿಕೊಂಡಿರಲಿಲ್ಲ. ಯಂತ್ರ ಕೆಡುವ ಮೊದಲು ಅದರ ಸದ್ದು ಬದಲಾಗುತ್ತದೆ. ಆ ಸದ್ದನ್ನೇ ಕೇಳುತ್ತಾ ಕೂರುವ ಸಣ್ಣ ಪೆಟ್ಟಿಗೆ ಮಾಡೋಣ ಎಂದು ವಿಷಯ ಬದಲಿಸಿದೆವು.

ಪೆಟ್ಟಿಗೆಯೊಳಗೆ ಇದ್ದದ್ದು ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಚಿಪ್, ಒಂದು ಡಿಜಿಟಲ್ ಮೈಕ್, ಒಂದು ಹಸಿರು, ಒಂದು ಕೆಂಪು ದೀಪ. ಸದ್ದು ಸರಿಯೋ ಕೆಟ್ಟದ್ದೋ ಎಂದು ಹೇಳುವ ಪ್ರೋಗ್ರಾಮಿಗೆ, ಅಂದರೆ ಮಾಡೆಲ್‌ಗೆ, ಕಲಿಸಲು ಬೇಕಾದ ಸದ್ದುಗಳಿಗೆ ಹಿಟಾಚಿ ಸಂಶೋಧಕರು 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಸಂಗ್ರಹ ಬಳಸಿದೆವು. ಪಂಪು, ಫ್ಯಾನು, ವಾಲ್ವುಗಳ ಸರಿಯಾದ ಸದ್ದು, ಕೆಟ್ಟ ಸದ್ದು ಎರಡೂ ಅದರಲ್ಲಿವೆ. ಒಂದೊಂದು ತುಣುಕು 10 ಸೆಕೆಂಡಿನದು. ಅವನ್ನು ಒಂದೊಂದು ಸೆಕೆಂಡಿನ ಚೂರು ಮಾಡಿ, ಎಲ್ಲ ಕಲಸಿ, ಮುಕ್ಕಾಲು ಪಾಲು ಕಲಿಸಲು, ಕಾಲು ಪಾಲು ಪರೀಕ್ಷಿಸಲು ಇಟ್ಟೆವು. ಮೊದಲ ಸಲವೇ ನೂರಕ್ಕೆ 98 ಬಂತು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ‘ಒಂದೇ ರೆಕಾರ್ಡಿಂಗಿನ ಚೂರುಗಳು ಎರಡೂ ಕಡೆ ಇವೆಯಾ?’ ಇದ್ದವು. ಮೂರನೇ ಸೆಕೆಂಡು ಕಲಿಕೆಯಲ್ಲಿ, ನಾಲ್ಕನೇ ಸೆಕೆಂಡು ಪರೀಕ್ಷೆಯಲ್ಲಿ. ಅದೇ ಯಂತ್ರ, ಅದೇ ಕೋಣೆ, ಅದೇ ಮೈಕು. ನಮ್ಮ ಮಾಡೆಲ್ ದೋಷವನ್ನು ಕಲಿತಿರಲಿಲ್ಲ, ಆ ರೆಕಾರ್ಡಿಂಗಿನ ಗುರುತು ಹಿಡಿದಿತ್ತು. ಕಲಿಕೆಯಲ್ಲಿ ಒಮ್ಮೆಯೂ ಕೇಳದ ಯಂತ್ರವನ್ನೇ ಪರೀಕ್ಷೆಗೆ ಇಟ್ಟಾಗ 98 ಇದ್ದದ್ದು 71ಕ್ಕೆ ಇಳಿಯಿತು. ಒಂದು ವಾರ ನಮ್ಮ ನಮ್ಮಲ್ಲೇ ಮಾತು ಕಡಿಮೆಯಾಯಿತು. ಆದರೂ ವರದಿಯಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕ ಬರೆದೆವು. ಆ ಪುಟದ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ ಇದೆ.

ಆಮೇಲೆ ದಾರಿಯನ್ನೇ ಬದಲಿಸಿದೆವು. ಕೆಟ್ಟ ಸದ್ದುಗಳು ನೂರಾರು ಬಗೆ, ಎಲ್ಲವನ್ನೂ ಕಲಿಸಲು ಆಗುವುದಿಲ್ಲ. ಸರಿಯಾದ ಸದ್ದನ್ನಷ್ಟೇ ಕಲಿಸಿ, ಅದನ್ನು ಕುಗ್ಗಿಸಿ ಮತ್ತೆ ಬಿಡಿಸುವ ಆಟೋಎನ್‌ಕೋಡರ್ ಕಟ್ಟಿದೆವು. ಪರಿಚಿತ ಸದ್ದಾದರೆ ಹೆಚ್ಚುಕಡಿಮೆ ಹಾಗೇ ಬಿಡಿಸುತ್ತದೆ, ಹೊಸದಾದರೆ ತಪ್ಪುತ್ತದೆ. ಆ ತಪ್ಪಿನ ಪ್ರಮಾಣವೇ ನಮ್ಮ ಎಚ್ಚರಿಕೆ. ಅದರಲ್ಲಿ ಸುಮಾರು 50 ಸಾವಿರ ತೂಕಗಳು (ಕಲಿತದ್ದನ್ನು ಹಿಡಿದಿಡುವ ಅಂಕಿಗಳು). ಒಂದೊಂದಕ್ಕೆ 4 ಬೈಟ್ ಅಂದರೆ 200 ಕೆಬಿ. ಚಿಪ್ಪಿನ ರ‍್ಯಾಮ್ ಇರುವುದೇ 520 ಕೆಬಿ, ಅದರಲ್ಲೂ ಬೇರೆ ಕೆಲಸಗಳಿಗೆ ಪಾಲು ಹೋಗುತ್ತದೆ. ತೂಕಗಳನ್ನು 1 ಬೈಟ್, ಅಂದರೆ 8 ಬಿಟ್‌ಗೆ ಇಳಿಸಿದ ಮೇಲೆ 50 ಕೆಬಿಯಲ್ಲಿ ಎಲ್ಲವೂ ಕೂತಿತು. ಎಲ್ಲ ಲೆಕ್ಕ ಪೆಟ್ಟಿಗೆಯೊಳಗೇ, ಇಂಟರ್ನೆಟ್ ಬೇಕಿಲ್ಲ. ಪ್ರದರ್ಶನದ ದಿನ ಇದು ಬಹಳ ಕೈ ಹಿಡಿಯಿತು. ನೂರಾರು ಫೋನುಗಳ ನಡುವೆ ಸಭಾಂಗಣದ ವೈಫೈ ಸೋತು, ಕ್ಲೌಡ್ ನೆಚ್ಚಿಕೊಂಡಿದ್ದ ಒಳ್ಳೊಳ್ಳೆಯ ಪ್ರಾಜೆಕ್ಟುಗಳು ತಿರುಗುವ ಚಕ್ರ ತೋರಿಸುತ್ತಾ ನಿಂತದ್ದನ್ನು ನೋಡಿ ಸಂಕಟವಾಯಿತು. ಅವರ ಕೆಲಸ ನಮ್ಮದಕ್ಕಿಂತ ಕಡಿಮೆಯದೇನಲ್ಲ.

ಡೆಮೊಗೆ ಕಂಪ್ಯೂಟರಿನೊಳಗೆ ಇರುವಂಥ ಏಳು ರೆಕ್ಕೆಯ ಫ್ಯಾನು ತಂದೆವು. ಒಂದು ರೆಕ್ಕೆಗೆ ಟೇಪಿನ ಚೂರು ಅಂಟಿಸಿದರೆ ತೂಕ ತಪ್ಪುತ್ತದೆ, ಅದೇ ದೋಷ. ಲ್ಯಾಬಿನಲ್ಲಿ ಪ್ರತಿ ಸಲವೂ ಕೆಂಪು ದೀಪ ಹತ್ತುತ್ತಿತ್ತು. ಪ್ರದರ್ಶನದ ಹಿಂದಿನ ಸಂಜೆ ಸಭಾಂಗಣದಲ್ಲಿ ಮೇಜು ಹಾಕಿ ಕೂತಿದ್ದೆವು, ಯಾರೋ ವೇದಿಕೆಯ ಮೈಕು ಪರೀಕ್ಷಿಸಲು ‘ಹಲೋ, ಹಲೋ’ ಅಂದರು. ಟೇಪಿಲ್ಲದ ಫ್ಯಾನಿಗೂ ಕೆಂಪು! ನಮ್ಮ ಮಾಡೆಲ್ ಪಾಲಿಗೆ ಮನುಷ್ಯರ ದನಿಯೂ ಹೊಸ ಸದ್ದೇ.

ರಾತ್ರಿ ಹನ್ನೊಂದರ ಹೊತ್ತಿಗೆ ಗೆಳತಿಯೊಬ್ಬಳು ಫ್ಯಾನಿನ ಚೌಕಟ್ಟಿನ ಮೇಲೆ ಬೆರಳಿಟ್ಟು, ‘ಟೇಪು ಇರೋದು ಕೈಗೆ ಗೊತ್ತಾಗ್ತಿದೆ ಕಣ್ರೋ’ ಅಂದಳು. ಹಳೆಯ ಕಿಟ್ಟಿನಿಂದ ಎಂಪಿಯು6050 ಎಂಬ ಕಂಪನ ಸೆನ್ಸರ್ ತೆಗೆದು ಚೌಕಟ್ಟಿಗೆ ಅಂಟಿಸಿದೆವು. ಫ್ಯಾನು ನಿಮಿಷಕ್ಕೆ 1,200 ಸುತ್ತು ತಿರುಗುತ್ತಿತ್ತು, ಅಂದರೆ ಸೆಕೆಂಡಿಗೆ 20. ಭಾರ ಒಂದು ಕಡೆ ವಾಲಿದರೆ ಸುತ್ತಿಗೊಂದು ಎಳೆತ, ಹಾಗಾಗಿ ಸೆಕೆಂಡಿಗೆ 20 ಸಲ, ಅಂದರೆ 20 ಹರ್ಟ್ಸ್‌ನಲ್ಲಿ ಏರು ಕಾಣಬೇಕು. ಸೆಕೆಂಡಿಗೆ 500 ಸಲ ಅಳೆದು, 512 ಅಳತೆಗಳ ಎಫ್‌ಎಫ್‌ಟಿ (ಸೆಕೆಂಡಿಗೆ ಎಷ್ಟು ಸಲದ ಕಂಪನ ಎಷ್ಟು ಜೋರಾಗಿದೆ ಎಂದು ಬಿಡಿಸಿ ತೋರಿಸುವ ಲೆಕ್ಕ) ತೆಗೆದಾಗ ಪರದೆಯ ಮೇಲೆ ಅಲ್ಲೇ ಒಂದು ಚೂಪಾದ ಕಂಬ ಎದ್ದಿತು. ಟೇಪು ಕಿತ್ತರೆ ಕಂಬ ಕುಸಿಯಿತು. ಸಭಾಂಗಣದ ಗದ್ದಲ ಚೌಕಟ್ಟಿಗೆ ತಲುಪಲೇ ಇಲ್ಲ.

ಮರುದಿನ ಸದ್ದಿನ ಪೆಟ್ಟಿಗೆ, ಕಂಪನದ ಪೆಟ್ಟಿಗೆ ಎರಡನ್ನೂ ಮೇಜಿನ ಮೇಲೆ ಇಟ್ಟು, ಮೊದಲನೆಯದು ಇಲ್ಲಿ ಯಾಕೆ ಸೋಲುತ್ತದೆ ಎಂದು ಬಂದವರಿಗೆಲ್ಲ ಹೇಳಿದೆವು. ಬರೀ ಗೆದ್ದದ್ದನ್ನು ತೋರಿಸಿದ್ದರೆ ಅಷ್ಟು ಪ್ರಶ್ನೆಗಳು ಬರುತ್ತಿರಲಿಲ್ಲ. ಮಧ್ಯಾಹ್ನ ಯಂತ್ರಗಳ ದುರಸ್ತಿ ಕೆಲಸದಲ್ಲಿರುವ ಹಿರಿಯರೊಬ್ಬರು ಬಂದು ಬಹಳ ಹೊತ್ತು ನೋಡಿದರು. ‘ನಾವೂ ಕೈ ಇಟ್ಟೇ ನೋಡೋದು’ ಅಂದು ನಕ್ಕು, ಏನೂ ಕೇಳದೆ ಫ್ಯಾನಿನ ವೇಗದ ತಿರುಪು ಮೆಲ್ಲಗೆ ತಗ್ಗಿಸಿದರು. ಟೇಪು ಇದ್ದಲ್ಲೇ ಇತ್ತು. ದೀಪ ಹಸಿರಾಯಿತು.

ನಾವು 20 ಹರ್ಟ್ಸ್ ಒಂದನ್ನೇ ಕಾಯುತ್ತಿದ್ದೆವು. ವೇಗ ತಗ್ಗಿದಾಗ ಕಂಬ 14ಕ್ಕೆ ಸರಿದಿತ್ತು. ‘ಮೋಟಾರು ಯಾವಾಗಲೂ ಒಂದೇ ವೇಗದಲ್ಲಿ ಓಡಲ್ಲಮ್ಮ. ಎಷ್ಟು ಸುತ್ತು ಅಂತ ಮೊದಲು ಕೇಳಿಕೊಳ್ಳಿ, ಆಮೇಲೆ ದೋಷ ಹುಡುಕಿ’ ಅಂದರು. ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಇನ್ನು ಹತ್ತು ದಿನ ಇತ್ತು. ರೆಕ್ಕೆಗಳ ಮುಂದೆ, ರೆಕ್ಕೆ ಹಾದಾಗಲೆಲ್ಲ ಒಂದೊಂದು ಎಣಿಸುವ ಇನ್‌ಫ್ರಾರೆಡ್ ಸೆನ್ಸರ್ ನಿಲ್ಲಿಸಿ, ಎಣಿಕೆಯನ್ನು ಏಳರಿಂದ ಭಾಗಿಸಿ ಸುತ್ತು ಕಂಡುಕೊಂಡೆವು. ಆ ಸುತ್ತಿನ ಜಾಗದಲ್ಲೇ ಕಂಬ ಹುಡುಕುವಂತೆ ಕೋಡ್ ತಿದ್ದಿದೆವು. ವೈವಾ ದಿನ ಪರೀಕ್ಷಕರ ಎದುರು ನಾನೇ ತಿರುಪು ತಿರುಗಿಸಿದೆ: 20, 17, 14. ದೀಪ ಕೆಂಪಾಗಿಯೇ ಉರಿಯಿತು.