ಬಗ್ ವರದಿ: ಓದಿದವರು ತಿರುಗಿ ಫೋನ್ ಮಾಡುವಂತಿರಬಾರದು

ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಳಿ ಅಂಗಡಿಗೆ ಮೆಕ್ಕೆಜೋಳದ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೀರಿ ಎನ್ನಿ. ಒಂದು ದಿನ ವಾಟ್ಸಾಪ್‌ನಲ್ಲಿ "ಬಿಲ್ ತಪ್ಪು ಬರ್ತಿದೆ, ಅರ್ಜೆಂಟ್" ಎಂದು ಬರುತ್ತದೆ. ಅಂಗಡಿಯವರು ಹಾಗೆ ಬರೆಯಬಹುದು. ನೀವು ಅದನ್ನೇ ಬಗ್ (ಸಾಫ್ಟ್‌ವೇರ್ ದೋಷ) ದಾಖಲಿಸುವ ಟಿಕೆಟ್‌ಗೆ ಅಂಟಿಸಬಾರದು. ಒಮ್ಮೆ ಕೇಳಿ, ನೀವೇ ಮಾಡಿ ನೋಡಿ, ಹೀಗೆ ಬರೆಯಿರಿ:

"ಆವೃತ್ತಿ 2.3. ಕ್ವಿಂಟಲ್ ಖಾನೆಗೆ 24, ಕೆಜಿ ಖಾನೆಗೆ 5, ಕ್ವಿಂಟಲ್ ದರ 2,000 ಹಾಕಿ ಸೇವ್ ಒತ್ತಿದೆ. ಬರಬೇಕಾದದ್ದು ₹48,100, ಬಂದದ್ದು ₹49,000. ಕೆಜಿ 50 ಹಾಕಿದರೂ ₹49,000; ಅದು ಸರಿ. 1ರಿಂದ 9 ಕೆಜಿಗೆ ಮಾತ್ರ ತಪ್ಪು."

ಇದರಲ್ಲಿ ಬೆಲೆಬಾಳುವುದು ಕೊನೆಯ ಎರಡು ವಾಕ್ಯ. ಎಲ್ಲಿ ಕೆಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ, ಎಲ್ಲಿ ಕೆಡುವುದಿಲ್ಲ ಎಂದು ಬರೆಯುವವರು ಕಡಿಮೆ. 5 ಮತ್ತು 50 ಒಂದೇ ಮೊತ್ತ ಕೊಡುತ್ತವೆ ಎಂದು ಓದಿದ ಕೂಡಲೇ, ಎರಡು ಖಾನೆಗಳ ನಡುವೆ ಚುಕ್ಕಿ ಇಟ್ಟು ಜೋಡಿಸಿದ್ದಾರೆ, 24.05 ಆಗಬೇಕಾದದ್ದು 24.5 ಆಗಿದೆ ಎಂದು ಕೋಡ್ ತೆರೆಯುವ ಮೊದಲೇ ಹೊಳೆಯುತ್ತದೆ. ಆದರೂ "ಸೊನ್ನೆ ಬಿಟ್ಟುಹೋಗಿದೆ" ಎಂಬ ನಿಮ್ಮ ಊಹೆಯನ್ನು ಕಂಡದ್ದರ ಜೊತೆ ಬೆರೆಸಬೇಡಿ. ಕೆಳಗೆ "ಊಹೆ" ಎಂದೇ ಬರೆಯಿರಿ. ಬೆರೆಸಿದ ಊಹೆ ತಪ್ಪಾದರೆ ಇಡೀ ವರದಿಯ ಮೇಲಿನ ನಂಬಿಕೆ ಹೋಗುತ್ತದೆ.

ಎರರ್ ಸಂದೇಶವಿದ್ದರೆ ಅಕ್ಷರಗಳಾಗಿ ಅಂಟಿಸಿ. ಬರೀ ಸ್ಕ್ರೀನ್‌ಶಾಟ್ ಹಾಕಿದರೆ ಮುಂದೆ ಹುಡುಕಲು ಸಿಗುವುದಿಲ್ಲ. ದಿನಾಂಕ 03/04 ಎಂದರೆ ಮಾರ್ಚೋ ಏಪ್ರಿಲ್ಲೋ ಗೊತ್ತಾಗದು. 2025-04-03 ಎಂದು ಹಾಕಿ. ಸರ್ವರ್ ಲಾಗ್ (ಸರ್ವರ್ ತಾನೇ ಬರೆದಿಡುವ ದಾಖಲೆ) ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇದ್ದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ, ಆದ್ದರಿಂದ ಯಾವ ಸಮಯ ಎಂಬುದನ್ನೂ ಹೇಳಿ. ರೈತರ ಫೋನ್, ಬ್ಯಾಂಕ್ ಖಾತೆ ನಂಬರ್ ಅಳಿಸಿಯೇ ಹಾಕಬೇಕು.

ಇಂಗ್ಲಿಷಿನಲ್ಲೇ ಬರೆಯಬೇಕೇ? ತಂಡದವರೆಲ್ಲ ಕನ್ನಡ ಓದುವವರಾದರೆ ಬೇಕಿಲ್ಲ. ತಡವರಿಸುವ ಇಂಗ್ಲಿಷಿಗಿಂತ ನೇರ ಕನ್ನಡ ವಾಸಿ. ಬಟನ್ ಹೆಸರು ಮಾತ್ರ ಸ್ಕ್ರೀನ್ ಮೇಲೆ ಇದ್ದ ಹಾಗೇ ಇರಲಿ.

ಸರಿಪಡಿಸಿದ ಮೇಲೆ ಕಮಿಟ್ ಸಂದೇಶಕ್ಕೆ (ಕೋಡ್ ಬದಲಾವಣೆಯ ಜೊತೆ ಬರೆದಿಡುವ ಟಿಪ್ಪಣಿಗೆ) "ಫಿಕ್ಸ್" ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಮೊದಲ ಸಾಲು ಸುಮಾರು 50 ಅಕ್ಷರದೊಳಗೆ: "ಒಂದಂಕಿ ಕೆಜಿಗೆ ತೂಕ ಹೆಚ್ಚಾಗುವುದನ್ನು ಸರಿಪಡಿಸಿ". ಆಮೇಲೆ ಒಂದು ಸಾಲು ಖಾಲಿ ಬಿಡಿ. ಬಿಡದಿದ್ದರೆ ಗಿಟ್ (ಕೋಡ್ ಬದಲಾವಣೆಗಳನ್ನು ದಾಖಲಿಸುವ ಸಾಫ್ಟ್‌ವೇರ್) ಕೆಳಗಿನ ವಿವರವನ್ನೂ ಶೀರ್ಷಿಕೆಗೇ ಸೇರಿಸಿಕೊಳ್ಳುತ್ತದೆ. ವಿವರದಲ್ಲಿ ಕಾರಣ ಬರೆಯಿರಿ, ಏನು ಬದಲಾಯಿತು ಎಂಬುದನ್ನು ಕೋಡೇ ತೋರಿಸುತ್ತದೆ. "ಹಳೆಯ ಬಿಲ್‌ಗಳನ್ನು ಮುಟ್ಟಿಲ್ಲ" ಎಂಬ ಸಾಲನ್ನು ಮರೆತರೆ, ವರ್ಷದ ಲೆಕ್ಕ ತಾಳೆ ನೋಡುವಾಗ ಆ ₹900 ಎಲ್ಲಿಂದ ಬಂತೆಂದು ಮತ್ತೆ ಹುಡುಕಾಟ ಶುರುವಾಗುತ್ತದೆ.

ಕಳುಹಿಸುವ ಮೊದಲು ಪಕ್ಕದವರ ಕೈಗೆ ವರದಿ ಕೊಟ್ಟು, ಅವರ ಕಂಪ್ಯೂಟರ್‌ನಲ್ಲಿ ಮಾಡಿ ನೋಡಲು ಹೇಳಿ. ನೀವು ಬಾಯಿ ಬಿಡಬೇಡಿ. ಅವರು ಎಲ್ಲಿ ತಲೆಯೆತ್ತಿ ನಿಮ್ಮನ್ನು ನೋಡುತ್ತಾರೋ ಅಲ್ಲೊಂದು ಹೆಜ್ಜೆ ಬಿಟ್ಟುಹೋಗಿದೆ.