ರಿಮೇಕ್ ಮತ್ತು ಒಂದೇ ಅಚ್ಚಿನ ಚಿತ್ರಗಳ ನಡುವೆ ಟಾಕೀಸು ನಡೆಸುವ ಲೆಕ್ಕ: ನನ್ನ ಅನುಭವ

ಶುಕ್ರವಾರದ ಚಾರ್ಟ್, ಅಂದರೆ ಆ ವಾರ ಯಾವ ಚಿತ್ರಕ್ಕೆ ಎಷ್ಟು ಶೋ ಎಂಬ ಪಟ್ಟಿ, ಹಾಕುವಾಗ ಹೀರೋ ಹೆಸರನ್ನು ಕೊನೆಗೆ ನೋಡಬೇಕು ಎಂದು ನಾನು ಹೇಳಿದಾಗ ಹುಬ್ಬಳ್ಳಿ ಕಡೆಯ ವಿತರಕರು ಒಪ್ಪಲಿಲ್ಲ, ಅಕ್ಕಪಕ್ಕದ ತಾಲೂಕಿನ ಟಾಕೀಸಿನವರೂ ಒಪ್ಪಲಿಲ್ಲ. ಈಗ ನನ್ನ ಶಿರಸಿಯ ಟಾಕೀಸು ತನ್ನ ಖರ್ಚು ತಾನೇ ದುಡಿಯುತ್ತಿದೆ. ಲೀಸಿಗೆ ಹಿಡಿದಿರುವ ಕಾರವಾರ ಕಡೆಯದು ಜೂನ್, ಜುಲೈ ಬಿಟ್ಟರೆ ನಷ್ಟದಲ್ಲಿಲ್ಲ. ಸಿಂಗಲ್ ಸ್ಕ್ರೀನ್ ನಡೆಸುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ರಿಮೇಕ್. ಬುಕ್ ಮಾಡುವ ಮುನ್ನ ನಾನು ಕೇಳುವುದು ಎರಡೇ: ಮೂಲ ಬಂದು ಎಷ್ಟು ಕಾಲವಾಯಿತು, ನಮ್ಮೂರವರು ಅದನ್ನು ಮನೆಯಲ್ಲೇ ನೋಡಬಹುದೇ. ಮಲಯಾಳಂನ ‘ಮಣಿಚಿತ್ರತಾಳ್’ ಬಂದದ್ದು 1993ರಲ್ಲಿ, ಅದರ ಕನ್ನಡ ರಿಮೇಕ್ ‘ಆಪ್ತಮಿತ್ರ’ 2004ರಲ್ಲಿ. ಆಗ ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಜಾಗವೇ ಇರಲಿಲ್ಲ. ಬೇರೆ ಭಾಷೆಯ ಕಥೆ ಕನ್ನಡದಲ್ಲಿ ಬೇಕೆಂದರೆ ರಿಮೇಕ್ ಒಂದೇ ದಾರಿ. 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪೆಂದು ಸ್ಪರ್ಧಾ ಆಯೋಗದ ಆದೇಶ ಬಂತು, 2017ರಿಂದ ಡಬ್ ಆದ ಚಿತ್ರಗಳು ತೆರೆಗೆ ಬರತೊಡಗಿದವು, ಅದರ ಬೆನ್ನಿಗೇ ಮೊಬೈಲಿನಲ್ಲಿ ಎಲ್ಲ ಭಾಷೆಯ ಚಿತ್ರವೂ ಸಿಗತೊಡಗಿತು. ಮಲಯಾಳಂನ ‘ದೃಶ್ಯಂ 2’ 2021ರ ಫೆಬ್ರವರಿಯಲ್ಲಿ ನೇರವಾಗಿ ಒಟಿಟಿಗೇ ಬಂತು, ಕನ್ನಡದ ‘ದೃಶ್ಯ 2’ ಅದೇ ಡಿಸೆಂಬರಿನಲ್ಲಿ. ಹನ್ನೊಂದು ವರ್ಷದ ಅಂತರ ಹತ್ತು ತಿಂಗಳಿಗೆ ಇಳಿದ ಮೇಲೆ ಹಳೆಯ ಲೆಕ್ಕದಲ್ಲಿ ಮಿನಿಮಮ್ ಗ್ಯಾರಂಟಿ (ಚಿತ್ರ ಓಡಲಿ ಬಿಡಲಿ, ವಿತರಕರಿಗೆ ಮೊದಲೇ ಕೊಡುವ ಕನಿಷ್ಠ ಮೊತ್ತ) ಕಟ್ಟುವುದು ಹಣವನ್ನು ಹೊಳೆಗೆ ಹಾಕಿದಂತೆ.

ಘಟ್ಟದ ಮೇಲಿನ ಲೆಕ್ಕ ಬೇರೆ, ಕೆಳಗಿನದು ಬೇರೆ. ಕಾರವಾರದಲ್ಲಿ ನೌಕಾನೆಲೆಯವರು, ಕೈಗಾ ಅಣುಸ್ಥಾವರದವರು ಇದ್ದಾರೆ. ಮಲಯಾಳಿಗಳು, ತಮಿಳರು, ತೆಲುಗರು, ಹಿಂದಿಯವರು. ಕೊಂಕಣಿ ಮನೆಗಳಲ್ಲಿ ಹಿಂದಿ, ಮರಾಠಿ ಚಿತ್ರ ನೋಡುವುದು ಮಾಮೂಲು. ಮೊದಲ ದಿನದ ಮ್ಯಾಟ್ನಿಗೆ ಕೌಂಟರಿನಲ್ಲೇ ಮೂವತ್ತು ನಲವತ್ತು ಜನರನ್ನು ‘ಇದರ ಮೂಲ ನೋಡಿದ್ದೀರಾ?’ ಎಂದು ಕೇಳಿಸುತ್ತೇನೆ. ಕಾರವಾರದಲ್ಲಿ ಹತ್ತಕ್ಕೆ ನಾಲ್ಕು ಮಂದಿ ಹೂಂ ಎನ್ನುತ್ತಾರೆ, ಶಿರಸಿಯಲ್ಲಿ ಹತ್ತಕ್ಕೆ ಒಬ್ಬರೋ ಇಬ್ಬರೋ. ಹತ್ತಕ್ಕೆ ಮೂರು ದಾಟಿತೆಂದರೆ ಸೋಮವಾರದಿಂದ ಆ ಚಿತ್ರ ಒಂದೇ ಶೋಗೆ ಇಳಿಯುತ್ತದೆ.

ಹಾಗೆಂದು ಕಥೆ ಗೊತ್ತಿದ್ದರೆ ಶಿರಸಿ, ಸಿದ್ದಾಪುರದ ಜನ ಬರುವುದಿಲ್ಲ ಎಂದಲ್ಲ. ಯಕ್ಷಗಾನದಲ್ಲಿ ಗದಾಯುದ್ಧದ ಕೊನೆ ಗೊತ್ತಿದ್ದೇ ಬೆಳಗಿನವರೆಗೆ ಕೂರುವ ಪ್ರೇಕ್ಷಕರು ಇವರು. ಕೌರವನ ಪಾತ್ರ ಯಾರದ್ದು, ಮಾತು ಹೇಗೆ ಬಂತು ಎಂಬುದೇ ಇವರಿಗೆ ಮುಖ್ಯ. ಪಾತ್ರಕ್ಕೆ ಸರಿಯಾದ ನಟ ಸಿಕ್ಕ ರಿಮೇಕನ್ನು ಇಲ್ಲಿ ಧೈರ್ಯವಾಗಿ ಹಾಕಬಹುದು. ದೃಶ್ಯದಿಂದ ದೃಶ್ಯಕ್ಕೆ ಮೂಲವನ್ನೇ ಇಳಿಸಿ, ಊಟ, ಮನೆ, ನೆಂಟಸ್ತಿಕೆಯನ್ನೂ ಬದಲಿಸದೆ ತಂದದ್ದು ಮಾತ್ರ ಇಲ್ಲೂ ನಿಲ್ಲುವುದಿಲ್ಲ.

ಈಗ ನಿಜವಾದ ತೊಂದರೆ ರಿಮೇಕಿನದ್ದಲ್ಲ, ಸ್ವಂತ ಕಥೆ ಎಂದು ಬರುವ ಒಂದೇ ಅಚ್ಚಿನ ಚಿತ್ರಗಳದ್ದು. ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಕನ್ನಡ ಚಿತ್ರ ಬಿಡುಗಡೆಯಾಗುತ್ತವೆ, ಒಂದು ಗೆದ್ದರೆ ಅದರ ನೆರಳಿನಲ್ಲಿ ಹತ್ತು ಬರುತ್ತವೆ. ಡಿಸಿಆರ್ ಪುಸ್ತಕದ (ದಿನದ ಕಲೆಕ್ಷನ್ ಬರೆಯುವ ಪುಸ್ತಕ) ಜೊತೆಗೆ ಇನ್ನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಟ್ರೇಲರ್ ಎರಡು ಸಲ ನೋಡಿ ಆರು ಗುರುತು ಹಾಕುತ್ತೇನೆ: ಹೀರೋನ ಮಹಿಮೆ ಹೇಳುವ ಹಿನ್ನೆಲೆ ದನಿ, ಮುಖಕ್ಕಿಂತ ಮೊದಲು ಕಾಲೋ ಕೈಯೋ ಬೆನ್ನೋ ತೋರಿಸುವುದು, ಉದ್ದಕ್ಕೂ ಕಂದು ಕಪ್ಪು ಬಣ್ಣ, ಮಳೆಯಲ್ಲೋ ಧೂಳಿನಲ್ಲೋ ನಿಧಾನಗತಿಯ ಹೊಡೆದಾಟ, ಹೆದರುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ಖಳ, ಕೊನೆಗೆ ‘ಭಾಗ 1’. ಹಿಂದಿನ ಆರು ವಾರದಲ್ಲಿ ನಮ್ಮ ತೆರೆಯ ಮೇಲೆ ಓಡಿದ ಯಾವುದೇ ಚಿತ್ರದೊಂದಿಗೆ ನಾಲ್ಕು ಗುರುತು ಹೊಂದಿದರೆ ದಿನದ ನಾಲ್ಕೂ ಶೋಗಳನ್ನು ಅದೊಂದಕ್ಕೇ ಕೊಡುವುದಿಲ್ಲ. ದೆವ್ವದ ಕಾಮಿಡಿಗೆ, ದೈವದ ಕಥೆಗೆ, ಪೊಲೀಸ್ ಕಥೆಗೆ ಬೇರೆ ಬೇರೆ ಪಟ್ಟಿ. ಏಳನೆಯ ಗುರುತೊಂದಿದೆ, ಅದು ನನ್ನಲ್ಲೇ ಇರಲಿ.

ಅಭಿಮಾನಿಗಳು ಬಂದೇ ಬರುವುದರಿಂದ ಶುಕ್ರವಾರದ ಕಲೆಕ್ಷನ್ ಏನನ್ನೂ ಹೇಳುವುದಿಲ್ಲ, ಶನಿವಾರದ ಮ್ಯಾಟ್ನಿ ಹೇಳುತ್ತದೆ. ಶುಕ್ರವಾರ ನೂರು ಎಂದಿಟ್ಟುಕೊಳ್ಳಿ. ಜನಕ್ಕೆ ಹಿಡಿಸಿದ ಚಿತ್ರ ಶನಿವಾರ ನೂರಿಪ್ಪತ್ತು, ಭಾನುವಾರ ನೂರೆಪ್ಪತ್ತರ ಹತ್ತಿರ ಹೋಗುತ್ತದೆ. ಅಚ್ಚಿನ ಚಿತ್ರ ಶನಿವಾರವೇ ಎಪ್ಪತ್ತಕ್ಕೆ ಬಿದ್ದು ಸೋಮವಾರ ಹದಿನೈದರಲ್ಲಿರುತ್ತದೆ. ಗ್ಯಾರಂಟಿ ಎರಡು ಮೂರು ಲಕ್ಷ ಕೊಟ್ಟು ತಂದಿದ್ದರೆ ಅದು ಅಲ್ಲಿಗೇ ಹೋಯಿತು. ಮೂರು ವಾರದ ಒಳಗೆ ಒಂದೇ ಬಗೆಯ ಎರಡು ಚಿತ್ರ ಹಾಕಿದರೆ ಎರಡನೆಯದು ಎಷ್ಟೇ ದೊಡ್ಡ ಹೀರೋದಾದರೂ ಹೀಗೇ ಆಗುತ್ತದೆ.

ಹಣದ ಲೆಕ್ಕ ಇಷ್ಟು. ಬಾಲ್ಕನಿ 100, ಸೆಕೆಂಡ್ ಕ್ಲಾಸ್ 80. ನೂರು ರೂಪಾಯಿವರೆಗಿನ ಟಿಕೆಟ್‌ಗೆ ಜಿಎಸ್‌ಟಿ ಮೊದಲು ಶೇ. 12 ಇತ್ತು, 2025ರ ಸೆಪ್ಟೆಂಬರಿನಿಂದ ಶೇ. 5. ತೆರಿಗೆ ಕಳೆದು ಸರಾಸರಿ 85 ರೂಪಾಯಿ ಉಳಿಯುತ್ತದೆ. ಒಂದು ಶೋಗೆ ಕರೆಂಟು, ಸಿಬ್ಬಂದಿ, ಡಿಜಿಟಲ್ ಪ್ರೊಜೆಕ್ಷನ್ ಬಾಡಿಗೆ ಸೇರಿ 2,250ರ ಆಸುಪಾಸು. ವಿತರಕರೊಂದಿಗೆ ಅರ್ಧಕ್ಕರ್ಧ ಪಾಲಿನಲ್ಲಿ 53 ಟಿಕೆಟ್ ಹೋದರೆ ಬಚಾವು. ಸಣ್ಣ ಚಿತ್ರದವರು ಗ್ಯಾರಂಟಿ ಕೇಳುವುದಿಲ್ಲ, ಟಾಕೀಸಿಗೆ ಶೇ. 60 ಬಿಡುತ್ತಾರೆ; ಅಲ್ಲಿ 44 ಟಿಕೆಟ್ ಸಾಕು. ಆ ಒಂಬತ್ತು ಟಿಕೆಟ್ಟಿನಲ್ಲೇ ನನ್ನ ವಾರ ನಿಂತಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಜನರೇಟರ್ ಗಂಟೆಗೆ ಆರೇಳು ಲೀಟರ್ ಡೀಸೆಲ್ ಕುಡಿಯುತ್ತದೆ, ಒಂದು ಶೋಗೆ ಸಾವಿರದ ಏಳೆಂಟು ನೂರು ಹೆಚ್ಚು. ಆಗ ಅರ್ಧ ಪಾಲಿಗೆ ತೊಂಬತ್ತೈದು ಜನ ಬೇಕು. ಹಾಗಾಗಿ ಜುಲೈನಲ್ಲಿ ನಾಲ್ಕನೆಯ ಶೋ ಹಾಕುವುದೇ ಇಲ್ಲ.

ಸಣ್ಣ ಚಿತ್ರಕ್ಕೆ ಮೊದಲ ವಾರ ಒಂದೇ ಶೋ, ಸಂಜೆ ನಾಲ್ಕೂಕಾಲರದು. ಶನಿವಾರ, ಭಾನುವಾರ ಎರಡು. ಏಳು ಗಂಟೆಯೊಳಗೆ ಬಿಟ್ಟರೆ ಹಳ್ಳಿಯವರಿಗೆ ಕೊನೆಯ ಬಸ್ಸು ಸಿಗುತ್ತದೆ. ಎರಡು ಗಂಟೆ ನಲವತ್ತು ನಿಮಿಷ ದಾಟಿದ ಚಿತ್ರಕ್ಕೆ ಈ ಶೋ ಕೊಡಬೇಡಿ, ಕ್ಲೈಮ್ಯಾಕ್ಸಿನಲ್ಲಿ ಸಾಲುಸಾಲಾಗಿ ಎದ್ದು ಹೋಗುತ್ತಾರೆ. ಒಳ್ಳೆಯ ಚಿತ್ರದ ಮಾತು ಶಿರಸಿಯಲ್ಲಿ ಹರಡಲು ಐದಾರು ದಿನ ಬೇಕು. ಅಡಿಕೆ ಹಾಕಲು ಸೊಸೈಟಿಗೆ ಬಂದವರು ಮಾತಾಡಿಕೊಂಡು ಹೋದ ಮೇಲೆ ಮುಂದಿನ ಬುಧವಾರ, ಗುರುವಾರ ಎಣಿಕೆ ಏರುತ್ತದೆ. ಅಷ್ಟರಲ್ಲಿ ಚಿತ್ರ ತೆಗೆದಿರುತ್ತೇವೆ ಎಂಬುದೇ ನಮ್ಮೆಲ್ಲರ ಹಳೆಯ ಕಾಯಿಲೆ. ಕೆಡಿಎಂ, ಅಂದರೆ ಡಿಜಿಟಲ್ ಚಿತ್ರದ ಬೀಗ ತೆರೆಯುವ ಅವಧಿಬದ್ಧ ಕೀ, ಗುರುವಾರ ರಾತ್ರಿಗೆ ಮುಗಿಯುತ್ತದೆ. ವಿಸ್ತರಣೆಗೆ ಬುಧವಾರ ಮಧ್ಯಾಹ್ನದೊಳಗೆ ಹೇಳದಿದ್ದರೆ ಶುಕ್ರವಾರ ಬೆಳಗಿನ ಶೋ ಸತ್ತಂತೆ. ನಾನು ಮೊದಲೇ ಎರಡು ವಾರದ ಕೀ ತೆಗೆದುಕೊಳ್ಳುತ್ತೇನೆ. ವಿತರಕರನ್ನು ಅದಕ್ಕೆ ಹೇಗೆ ಒಪ್ಪಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಚಿತ್ರ ಓಡಿಸುವ ಸರ್ವರ್ ರಿಪೇರಿಗೆ ಹೋಗಿ, ಕೀ ಓದುವ ಅದರ ಭಾಗವಾದ ಮೀಡಿಯಾ ಬ್ಲಾಕ್ ಬದಲಾಗಿದ್ದರೆ ಹಳೆಯ ಕೀ ತೆರೆಯುವುದಿಲ್ಲ, ಹೊಸ ಸೀರಿಯಲ್ ನಂಬರ್ ಕೊಟ್ಟು ಕೀ ತರಿಸಿ.

ಅಚ್ಚಿನ ಚಿತ್ರಕ್ಕೂ ಕಾಲವಿದೆ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ನಾಟಕ ಕಂಪನಿ, ಯಕ್ಷಗಾನದ ಎದುರು ಹೊಸ ಬಗೆಯ ಚಿತ್ರ ನಿಲ್ಲುವುದಿಲ್ಲ. ನಡುವೆ ಒಳಬಂದು ನಡುವೆ ಎದ್ದು ಹೋಗುವ ಜನರಿಗೆ ಹೊಡೆದಾಟ, ಹಾಡು ತುಂಬಿದ್ದೇ ಸರಿ; ಆ ದಿನಗಳಲ್ಲಿ ಹಳೆಯ ರಿಮೇಕ್ ಕಡಿಮೆ ಬಾಡಿಗೆಗೆ ತಂದು ಆರು ಶೋ ಓಡಿಸಬಹುದು. ಕೆಳಗೆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಇಳಿಯುವುದಿಲ್ಲ. ಜನರಿಗೆ ಬಿಡುವಿರುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ. ಟಿಕೆಟ್ 60ಕ್ಕೆ ಇಳಿಸಿ ನೋಡಿದೆ: ತಲೆ ಹೆಚ್ಚಾಯಿತು, ಮೊತ್ತ ಅಷ್ಟೇ ಉಳಿಯಿತು, ಕ್ಯಾಂಟೀನ್ ಮಾತ್ರ ಲಾಭ ಕಂಡಿತು. ಪಾಪ್‌ಕಾರ್ನ್ ಬದಿಗಿಟ್ಟು ಮಿಸಳ್ ಇಟ್ಟದ್ದು ಕಾರವಾರ ಕಡೆ ಹಿಡಿಯಿತು. ಶಿರಸಿಯಲ್ಲಿ ಮಳೆಗಾಲದ ಇಂಟರ್ವಲ್‌ಗೆ ಕಷಾಯ ಚಹಾಕ್ಕಿಂತ ಬೇಗ ಖಾಲಿಯಾಗುತ್ತದೆ.

ಸದ್ಯ ಕಾರವಾರದಲ್ಲಿ ಇನ್ನೊಂದು ಪ್ರಯೋಗ ನಡೆಯುತ್ತಿದೆ. ರಿಮೇಕ್ ಆಗುತ್ತದೆಂದು ಸುದ್ದಿಯಾದ ಮಲಯಾಳಂ ಚಿತ್ರದ ಮೂಲವನ್ನೇ, ಒಟಿಟಿಗೆ ಹೋಗುವ ಮೊದಲು, ಭಾನುವಾರದ ಮಾರ್ನಿಂಗ್ ಶೋಗೆ ಸಬ್‌ಟೈಟಲ್ ಸಮೇತ ಹಾಕುತ್ತಿದ್ದೇನೆ. ಸಬ್‌ಟೈಟಲ್ ಕಡತ ಬಂದಿದೆಯೇ ಎಂದು ಶನಿವಾರ ರಾತ್ರಿಯೇ ಹತ್ತು ನಿಮಿಷ ಓಡಿಸಿ ನೋಡಬೇಕು. ಅರವತ್ತು ಎಪ್ಪತ್ತು ಜನ ಬರುತ್ತಿದ್ದಾರೆ, ಅದರಲ್ಲಿ ಅರ್ಧದಷ್ಟು ಕೊಂಕಣಿಯವರು.