ಬೋಂಡನಿಗೆ ಬೇಕಿದ್ದದ್ದು ಎಲೆಯಲ್ಲ

"ನಾಯಿ ಬೇಕಾ, ಗಿಡ ಬೇಕಾ, ಒಂದು ತೀರ್ಮಾನ ಮಾಡೋ" ಅಂತ ಅಮ್ಮ ಹೇಳಿ ಎರಡು ವರ್ಷ ಆಯ್ತು. ಈಗ ಹಾಲ್, ಬಾಲ್ಕನಿ ಸೇರಿ 45-50 ಕುಂಡ ಇವೆ. ನಮ್ಮ ಲ್ಯಾಬ್ರಡಾರ್ ಬೋಂಡ ಅವುಗಳ ಮಧ್ಯೆಯೇ ಕಾಲು ಚಾಚಿ ಮಲಗುತ್ತಾನೆ. ಒಂದೂವರೆ ವರ್ಷದಿಂದ ಲಸಿಕೆಗೆ ಬಿಟ್ಟರೆ ಡಾಕ್ಟರ ಮುಖ ನೋಡಿಲ್ಲ.

ಶುರುವಾಗಿದ್ದು ಡೈಫನ್‌ಬೇಕಿಯಾ ಅನ್ನೋ ಮಚ್ಚೆ ಎಲೆಯ ಗಿಡದಿಂದ, ಅದರ ಎಲೆ ಜಗಿದರೆ ಬಾಯಿ ಉರಿಯುತ್ತೆ. ಅವನಿಗೆ ಆಗ 8 ತಿಂಗಳು. ಆಫೀಸಿನಿಂದ ಬಂದರೆ ಕುಂಡ ಮಗುಚಿದೆ, ಹಾಲ್ ತುಂಬ ಮಣ್ಣು. ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು, ಮುಂಗಾಲಲ್ಲಿ ಮೂತಿ ಕೆರೆದುಕೊಳ್ಳುತ್ತಿದ್ದ. ಬಾಯಿ ತೊಳೆದು, ಮೊಸರು ನೆಕ್ಕಿಸಿ, ಆಟೋದಲ್ಲಿ ಹಾಕಿಕೊಂಡು ಓಡಿದೆ. ಇಂಜೆಕ್ಷನ್, ಡ್ರಿಪ್ ಎಲ್ಲ ಸೇರಿ 3,000 ಚಿಲ್ಲರೆ.

ಆಮೇಲೆ ಮಾಡಿದ್ದೆಲ್ಲ ಪೆದ್ದು ಕೆಲಸ. ಬೇವಿನೆಣ್ಣೆ ಸಿಂಪಡಿಸಿದೆ. ಎರಡು ದಿನ ಮೂಸಿ ದೂರ ಹೋದ, ಮೂರನೇ ದಿನ ಮಾಮೂಲಿ. ಖಾರದ ಪುಡಿ ಉದುರಿಸಿದರೆ ನಮ್ಮವಳು ಸೀನಿ ಸೀನಿ ಸಾಕಾದಳು. ಮಣ್ಣು ಅಗೆಯದಿರಲಿ ಅಂತ ಬಿಳಿ ಬೆಣಚುಕಲ್ಲು ಹರಡಿದೆ. ಎರಡು ಕಲ್ಲು ನುಂಗಿಬಿಟ್ಟ! ಎಕ್ಸ್‌ರೇಗೆ ಮತ್ತೆ 1,200. ಕಲ್ಲು ತಾನಾಗೇ ಈಚೆ ಬಂತು, ಪುಣ್ಯ.

ಆದರೆ ದಾರಿ ತೋರಿಸಿದ್ದು ಆ ಕಲ್ಲೇ. ನಾಯಿ ಕಲ್ಲು ಯಾಕೆ ತಿನ್ನುತ್ತೆ? ಉಳಿದ ಕಲ್ಲು ಎತ್ತಿ ಮೂಸಿದೆ. ಬೋನ್ ಮೀಲ್, ಅಂದರೆ ಮೂಳೆ ಪುಡಿ ಗೊಬ್ಬರದ ವಾಸನೆ. ಅವನು ಬೀಳಿಸಿದ್ದೆಲ್ಲ ಆ ವಾರ ಗೊಬ್ಬರ ಹಾಕಿದ ಕುಂಡಗಳನ್ನೇ. ಎಲೆ ಬಾಯಿಗೆ ಸಿಕ್ಕಿದ್ದು ಅಗೆಯೋ ಭರದಲ್ಲಿ. ಅವತ್ತೇ ಬೋನ್ ಮೀಲ್ ನಿಲ್ಲಿಸಿದೆ. ಹರಳಿಂಡಿಯನ್ನಂತೂ ಮನೆಯಿಂದಲೇ ಆಚೆ ಹಾಕಿದೆ, ಹರಳು ಬೀಜದ ವಿಷ ಸಾಮಾನ್ಯದ್ದಲ್ಲ. ಈಗ ಎರೆಗೊಬ್ಬರ, ಜೊತೆಗೆ ಇನ್ನೊಂದು ಪುಡಿ. ಅದು ಯಾವುದು ಅಂತ ಹೇಳಲ್ಲ, ಕಷ್ಟಪಟ್ಟು ಕಂಡುಕೊಂಡಿದ್ದು.

ಗಿಡಗಳನ್ನೂ ಎರಡು ಪಾಲು ಮಾಡಿದೆ. ಮನಿ ಪ್ಲಾಂಟ್, ಪೀಸ್ ಲಿಲಿ ಬಾಯಿ ಉರಿಸುತ್ತವೆ, ಲೋಳೆಸರ ಹೊಟ್ಟೆ ಕೆಡಿಸುತ್ತೆ. ಇವೆಲ್ಲ ಆರಡಿ ಎತ್ತರದ ಕೊಕ್ಕೆಗೆ. ಬಳ್ಳಿ ಇಳಿದರೆ ಕತ್ತರಿ. ಕಣಗಿಲೆ, ಅಡೇನಿಯಂ, ಕಲಂಚೋ ಹೃದಯಕ್ಕೇ ಹೊಡೆಯುತ್ತವೆ. ಅವು ತಮ್ಮನ ಮನೆ ತಾರಸಿಗೆ ಹೋದವು. ಕೊಡೋಕೆ ಸಂಕಟ ಆಗಿದ್ದು ಸೈಕಸ್ ಅನ್ನು, ತೆಂಗಿನಂಥ ಗರಿಯ ಗಿಡ ಅದು. ಮಾರಿದವನು "ಪಾಮ್ ತಾನೆ ಸಾರ್, ಏನೂ ಆಗಲ್ಲ" ಅಂದಿದ್ದ. ಅರೆಕಾ ಪಾಮ್‌ಗೆ ಆ ಮಾತು ಸರಿ. ಸೈಕಸ್ ಪಾಮೇ ಅಲ್ವಲ್ಲ! ಲಿವರ್ ಕೆಡಿಸುತ್ತೆ, ಬೀಜ ಇನ್ನೂ ಕೆಟ್ಟದ್ದು. 3,500 ಕೊಟ್ಟಿದ್ದನ್ನು ನಾಯಿ ಇಲ್ಲದ ಮನೆಯವರಿಗೆ 2,000ಕ್ಕೆ ಕೊಟ್ಟೆ.

ಮಧ್ಯೆ ಇನ್ನೊಂದು ಹುಚ್ಚು. ಮೇಯೋಕೆ ಅವನಿಗೂ ಒಂದು ಟ್ರೇ ಇರಲಿ ಅಂತ ಜೋಳ ಬಿತ್ತಲು ಹೊರಟಿದ್ದೆ. ಮಾವ ತಡೆದರು. "ಎಳೆ ಜೋಳದ ಪೈರು ವಿಷ, ಅದಕ್ಕೆ ನಾವು ದನಾನೇ ಬಿಡಲ್ಲ ಅಳಿಯಂದ್ರೇ, ನೀವು ನಾಯಿಗೆ ಹಾಕ್ತೀರಾ?" ಗೋಧಿ ಹಾಕಿದೆ. 9-10 ದಿನಕ್ಕೆ ಗೇಣುದ್ದ ಹುಲ್ಲು. ಬೆಳಿಗ್ಗೆ ಎದ್ದವನೇ ನಾಲ್ಕು ಎಳೆ ಕಿತ್ತು ಜಗಿಯುತ್ತಾನೆ. ಒಂದು ಟ್ರೇಗೆ ಹತ್ತು ರೂಪಾಯಿ ಗೋಧಿಯೇ ಜಾಸ್ತಿ ಆಯ್ತು.

ಸೈಕಸ್ ಕೊಂಡವರು ಮೊನ್ನೆ ಫೋಟೋ ಕಳಿಸಿದ್ದರು. ಒಂದೇ ಸಲಕ್ಕೆ ಹನ್ನೆರಡು ಹೊಸ ಗರಿ ಬಿಟ್ಟಿದೆ. ನನ್ನ ಹತ್ತಿರ ಇದ್ದಾಗ ಒಂದೂ ಬಿಟ್ಟಿರಲಿಲ್ಲ.